ಹೊಲಿಗೆ ಬಿಚ್ಚುವ ಹುದ್ದೆ

ನಮ್ಮ ಮನೆಯಲ್ಲಿ ಕೌದಿ ಹೊಲಿಯುವವಳು ಹೆಂಡತಿ, ಬಿಚ್ಚುವವನು ನಾನು. ಈ ಹುದ್ದೆಗೆ ನಾನಾಗಿ ಅರ್ಜಿ ಹಾಕಿದವನಲ್ಲ. ನಿವೃತ್ತನಾದ ಗಂಡಸು ಪತ್ರಿಕೆಯನ್ನು ಶ್ರದ್ಧಾಂಜಲಿಯ ಪುಟದವರೆಗೂ ಓದಿ ಮುಗಿಸಿ, ಎರಡನೆಯ ಲೋಟ ಕಾಫಿ ಕೇಳಲು ಧೈರ್ಯ ಸಾಲದೆ ಜಗಲಿಯಲ್ಲಿ ಕುಳಿತಿದ್ದರೆ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತಾನೆ. ತುಂಡುಬಟ್ಟೆಗಳ ಉದ್ದನೆಯ ಪಟ್ಟಿಯೊಂದು ಮಡಿಲಿಗೆ ಬಂದು ಬಿತ್ತು. ಜೊತೆಗೆ ಅರ್ಧ ಬ್ಲೇಡು. "ಸುಮ್ಮನೆ ಕೂತಿದ್ದೀರಲ್ಲ, ಈ ಸಾಲನ್ನು ಬಿಚ್ಚಿಕೊಡಿ. ಬಟ್ಟೆ ಹರಿಯಬಾರದು." ಅಷ್ಟೇ ನೇಮಕಾತಿ ಆದೇಶ. ಕೆಲಸ ಕಾಯಂ, ಸಂಬಳವೂ ಇಲ್ಲ, ವರ್ಗಾವಣೆಯೂ ಇಲ್ಲ. ಕನ್ನಡಕ ಮತ್ತು ತಾಳ್ಮೆ, ಇವೆರಡೇ ಅರ್ಹತೆ. ಬೇರೆ ಯಾವ ಕೆಲಸಕ್ಕೂ ಬಾರದವನಾಗಿರಬೇಕು ಎಂಬ ಮೂರನೆಯ ಅರ್ಹತೆಯನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ.

ಬಿಚ್ಚುವುದೆಂದರೆ ದಾರ ಹಿಡಿದು ಎಳೆಯುವುದು ಎಂದುಕೊಂಡಿದ್ದೆ. ಈ ಭ್ರಮೆಯನ್ನು ಹುಟ್ಟಿಸಿದ್ದು ಅಕ್ಕಿ ಮೂಟೆ. ಮೂಟೆಯ ಬಾಯಿಗೆ ಹಾಕುವುದು ಸರಪಳಿ ಹೊಲಿಗೆ. ಸರಿಯಾದ ತುದಿಯನ್ನು ಕತ್ತರಿಸಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಮಾತ್ರ ಹರಸಾಹಸ. ಮನೆಯ ಹೊಲಿಗೆ ಯಂತ್ರದ ಹೊಲಿಗೆಯಲ್ಲಿ ಅಂಥ ಔದಾರ್ಯವಿಲ್ಲ. ಮೇಲಿನ ದಾರವೂ ಅಡಿಯ ಪುಟ್ಟ ಉರುಳೆಯಾದ ಬಾಬಿನ್ನಿನ ದಾರವೂ ಬಟ್ಟೆಯ ಮಧ್ಯದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕುಳಿತಿರುತ್ತವೆ; ಯಾವ ತುದಿಯನ್ನು ಎಳೆದರೂ ಇನ್ನೊಂದು ಬಿಡುವುದಿಲ್ಲ. ಅದಕ್ಕೆ ಉಪಾಯವೇ ಬೇರೆ. ಒಂದು ಮಗ್ಗುಲಿನಲ್ಲಿ ನಾಲ್ಕೈದು ಹೊಲಿಗೆಗೆ ಒಂದರಂತೆ ದಾರವನ್ನು ಕತ್ತರಿಸುತ್ತ ಹೋಗಬೇಕು. ಆಮೇಲೆ ಬಟ್ಟೆಯನ್ನು ಮಗುಚಿ ಹಿಂದಿನ ದಾರವನ್ನು ಎಳೆದರೆ ಅದು ಇಡಿಯಾಗಿ ಕೈಗೆ ಬರುತ್ತದೆ. ಎದುರು ಮಗ್ಗುಲಿನಲ್ಲಿ ದಾರದ ಚೂರುಗಳು ಹುಳುಗಳಂತೆ ನಿಂತಿರುತ್ತವೆ. ಅವುಗಳನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಕೈಹೊಲಿಗೆ ಇದ್ದುದರಲ್ಲಿ ಸಾಧು. ಗಂಟು ಕತ್ತರಿಸಿ, ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆಯನ್ನು ಎತ್ತುತ್ತ ಬಂದರೆ ದಾರವೂ ಉಳಿಯುತ್ತದೆ. ಬ್ಲೇಡಿನಿಂದ ಬಡ್ತಿ ಪಡೆದು ನಾನು ಈಗ ಸೀಮ್ ರಿಪ್ಪರ್ ಎಂಬ ಪುಟ್ಟ ಕೊಕ್ಕೆಯ ಒಡೆಯನಾಗಿದ್ದೇನೆ. ಎರಡು ಕವಲಿನ ತುದಿ, ಕವಲಿನ ಸಂದಿಯಲ್ಲಿ ಹರಿತ, ಗಿಡ್ಡ ಕವಲಿನ ತುದಿಗೆ ಸಣ್ಣ ಕೆಂಪು ಗುಂಡು. ಆ ಗುಂಡನ್ನು ಏಕೆ ಇಟ್ಟಿದ್ದಾರೆಂದು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ನಮ್ಮ ಒಂದು ಹಳೆಯ ಇಳಕಲ್ ಸೀರೆಯ ತುಂಡು ಕಾಲವಾಯಿತು.

ಹೊಲಿದವರು ಹೊಲಿಗೆಯನ್ನು ಮೇಲಿನಿಂದ ನೋಡುತ್ತಾರೆ, ಬಿಚ್ಚುವವನು ಒಳಗಿನಿಂದ ನೋಡುತ್ತಾನೆ. ಕೆಲವು ತಿಂಗಳ ಸೇವೆಯ ನಂತರ ನನಗೆ ಸಾಲು ಓದಲು ಬಂದುಬಿಟ್ಟಿತು. ಇಗೋ, ಇಲ್ಲಿ ಹೊಲಿಗೆ ಮೆಲ್ಲಗೆ ಎಡಕ್ಕೆ ವಾಲಿದೆ: ಧಾರಾವಾಹಿಯಲ್ಲಿ ಅತ್ತೆಗೆ ಸತ್ಯ ಗೊತ್ತಾಗಿರಬೇಕು. ಇಲ್ಲಿ ಒಮ್ಮೆಗೇ ನಿಂತು, ಅರ್ಧ ಇಂಚು ಆಚೆಯಿಂದ ಮತ್ತೆ ಶುರುವಾಗಿದೆ: ಕುಕ್ಕರ್ ಕೂಗಿದೆ. ಇಲ್ಲಿ ಕೈಹೊಲಿಗೆಯ ದಾರವನ್ನು ಜಗ್ಗಿ ಜಗ್ಗಿ ಎಳೆದದ್ದರಿಂದ ಬಟ್ಟೆ ಮುದುಡಿಕೊಂಡಿದೆ: ಸಾಗರದಿಂದ ಆಕೆಯ ಅಕ್ಕನ ಫೋನ್ ಬಂದಿತ್ತು, ಆಸ್ತಿಯ ಮಾತು. ನಾನು ಇದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವುದಿಲ್ಲ. ಸಂಸಾರ ಮಾಡಿ ಗೊತ್ತಿದ್ದವನು ಯಾರೂ ಹೇಳುವುದಿಲ್ಲ.

ಯಂತ್ರದ ತಪ್ಪುಗಳು ಇನ್ನೂ ತಮಾಷೆಯವು. ಒಮ್ಮೆ ಪಟ್ಟಿಯ ಅಡಿಭಾಗದಲ್ಲೆಲ್ಲ ದಾರ ಸುರುಳಿ ಸುರುಳಿಯಾಗಿ ಜೋತುಬಿದ್ದಿತ್ತು. ಅಡಿಯಲ್ಲಿ ತೊಂದರೆ ಎಂದ ಮೇಲೆ ತಪ್ಪು ಬಾಬಿನ್ನಿನದೇ ಎಂದು ಆಕೆ ತೀರ್ಮಾನಿಸಿ ಬಾಬಿನ್ ಬದಲಿಸಿದಳು, ಬಾಬಿನ್ ಕೇಸ್ ತೊಳೆದಳು, ಅದರ ಪುಟ್ಟ ತಿರುಪನ್ನು ಆ ಕಡೆಗೂ ಈ ಕಡೆಗೂ ತಿರುವಿ, ಸರಿಯಿದ್ದದ್ದನ್ನೂ ಕೆಡಿಸಿದಳು. ನಾನು ಬಿಚ್ಚುತ್ತಿದ್ದೆ. ಬಿಚ್ಚುವವನಿಗೆ ಸುರುಳಿಯ ಬಣ್ಣ ಕಾಣುತ್ತದೆ. ಮೇಲೆ ಹಾಕಿದ್ದು ಹಸಿರು ದಾರ, ಬಾಬಿನ್ನಿನಲ್ಲಿದ್ದದ್ದು ಬಿಳಿ. ಅಡಿಯಲ್ಲಿ ಜೋತುಬಿದ್ದ ಸುರುಳಿಯೆಲ್ಲ ಹಸಿರು. ಮೇಲಿನ ದಾರವನ್ನು ಬಿಗಿ ಹಿಡಿಯಬೇಕಾದ ಬಿಲ್ಲೆಗಳ ನಡುವೆ ಅದು ಕೂತೇ ಇರಲಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದವನ್ನು ಕೆಳಗೆ ಇಳಿಸಿಕೊಂಡೇ ದಾರ ಹಾಕಿದರೆ ಆ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಮೇಲೆಯೇ ತೇಲಿಹೋಗುತ್ತದೆ. ಪಾದ ಎತ್ತಿ ಹಾಕಬೇಕು. ಇದನ್ನು ನಾನು ಕಂಡುಹಿಡಿದಾಗ ಮನೆಯಲ್ಲಿ ನನಗೆ ಸಿಕ್ಕ ಗೌರವ ಮೂವತ್ತೈದು ವರ್ಷದ ಸರ್ಕಾರಿ ಸೇವೆಯಲ್ಲೂ ಸಿಕ್ಕಿರಲಿಲ್ಲ. ಮರುದಿನವೇ ಅದು ಇಳಿದುಹೋದದ್ದು ಬೇರೆ ಮಾತು.

ಕೌದಿಯ ವಿಷಯಕ್ಕೆ ಬರೋಣ. ನಾನು ಹುಡುಗನಾಗಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಬೇಸಿಗೆಯಲ್ಲಿ ಬಯಲುಸೀಮೆಯ ಹೆಂಗಸರು ಬರುತ್ತಿದ್ದರು. ಅಡಿಕೆ ಒಣಗಿಸಿ ಖಾಲಿಯಾದ ಅಂಗಳದಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಎದುರುಬದುರು ಕುಳಿತು ಮಾತಾಡುತ್ತ ಮಾತಾಡುತ್ತ ಹೊಲಿದುಬಿಡುತ್ತಿದ್ದರು. ಮಳೆಗೆ ಹೊರಗೆ ಹೋಗುವ ಗಂಡಸರಿಗೆ ಕಂಬಳಿಕೊಪ್ಪೆ, ಒಳಗೆ ಮಲಗುವವರಿಗೆ ಕೌದಿ. ಅಳತೆ ಟೇಪು ಅವರ ಕೈಯಲ್ಲಿ ನೋಡಿದ ನೆನಪಿಲ್ಲ. ಮೊಳ, ಗೇಣು, ಬೆರಳು, ಅಷ್ಟೇ.

ನನ್ನ ಹೆಂಡತಿಯ ವಿದ್ಯೆ ಹಾಗೆ ಬಂದದ್ದಲ್ಲ, ಮೊಬೈಲಿನಲ್ಲಿ ಬಂದದ್ದು. ಅಲ್ಲಿ ದೂರದೇಶದ ಹೆಂಗಸೊಬ್ಬಳು ಹೂವಿನಂಥ ಮುಖ ಮಾಡಿಕೊಂಡು ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಚೌಕಗಳನ್ನು ಜೋಡಿಸಿ, ನಡುವೆ ಹತ್ತಿಯ ಹಾಳೆ ಇಟ್ಟು ಹೊಲಿಯುತ್ತಾಳೆ. ಆ ಪಂಥದ ಮೂಲಮಂತ್ರ ಕಾಲು ಇಂಚು. ಎರಡು ತುಂಡು ಜೋಡಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಇಂಚು ಒಳಗೆ ಹೊಲಿಗೆ ಬೀಳಬೇಕು. ನಾಲ್ಕು ಇಂಚಿನ ಚೌಕ ಬೇಕಾದರೆ ನಾಲ್ಕೂವರೆ ಇಂಚು ಕತ್ತರಿಸಬೇಕು. ಕೇಳಲು ಸಲೀಸು. ಆದರೆ 20 ಚೌಕದ ಸಾಲಿನಲ್ಲಿ ನಡುವೆ 19 ಹೊಲಿಗೆಗಳಿವೆ. ಒಂದೊಂದು ಹೊಲಿಗೆಯೂ ಎರಡೂ ಕಡೆಯ ಬಟ್ಟೆಯಿಂದ ಒಂದೊಂದು ಮಿಲಿಮೀಟರ್ ಹೆಚ್ಚಿಗೆ ತಿಂದರೆ ಸಾಲಿನ ಕೊನೆಗೆ 38 ಮಿಲಿಮೀಟರ್ ಮಾಯ. ಅಂದರೆ ಒಂದೂವರೆ ಇಂಚು. ಪಕ್ಕದ ಸಾಲಿನಲ್ಲಿ ಹೊಲಿಗೆ ಅಷ್ಟೇ ಕಡಿಮೆ ತಿಂದಿದ್ದರೆ ಆ ಸಾಲು ಒಂದೂವರೆ ಇಂಚು ಉದ್ದ. ಎರಡನ್ನೂ ಜೋಡಿಸಲು ಹೋದಾಗ ಮೂರು ಇಂಚಿನ ಜಗಳ. ತಪ್ಪು ಎಲ್ಲಿದೆಯೆಂದು ಹುಡುಕಿದರೆ ಎಲ್ಲೂ ಇಲ್ಲ. ಒಂದೊಂದು ಚೌಕವೂ ನೋಡಲು ಸರಿಯಾಗಿಯೇ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಕಟ್ಟಿದವನ ಮನೆಯಲ್ಲಿ ಖಂಡಿತ ಯಾರೋ ಚೌಕ ಜೋಡಿಸುತ್ತಿದ್ದರು.

ಈ ಮೂರು ಇಂಚನ್ನು ಸರಿಮಾಡಲು ಆಕೆ ಮೊದಮೊದಲು ಮಾಡುತ್ತಿದ್ದ ಉಪಾಯವೆಂದರೆ ಗಿಡ್ಡ ಸಾಲನ್ನು ಎಳೆದು ಹಿಡಿದು ಹೊಲಿದುಬಿಡುವುದು. ಎಳೆದರೆ ಬಟ್ಟೆ ಬರುತ್ತದೆ, ಅದರಲ್ಲೂ ಓರೆಯಾಗಿ ಕತ್ತರಿಸಿದ್ದರೆ ಧಾರಾಳವಾಗಿ ಬರುತ್ತದೆ. ಉದ್ದಕ್ಕೆ ಓಡುವ ಹಾಸಿನ ಎಳೆಯ ಗುಂಟ ಎಳೆದರೆ ಬಟ್ಟೆ ಜಗ್ಗುವುದಿಲ್ಲ, ಅಡ್ಡಕ್ಕೆ ಓಡುವ ಹೊಕ್ಕಿನ ಗುಂಟ ಸ್ವಲ್ಪ ಜಗ್ಗುತ್ತದೆ, ಓರೆಗೆ ಎಳೆದರೆ ರಬ್ಬರು. ತ್ರಿಕೋನದ ತುಂಡುಗಳಲ್ಲಿ ಒಂದು ಅಂಚಾದರೂ ಓರೆ ಇದ್ದೇ ಇರುತ್ತದೆ. ಹೊಲಿಯುವಾಗ ಎಳೆದದ್ದು ಹೊಲಿದ ಮೇಲೆ ತನ್ನ ಜಾಗಕ್ಕೆ ಮರಳಲು ಹೊರಟು, ಕೌದಿಯ ನಡುವೆ ಕೊಡಚಾದ್ರಿಯನ್ನೂ ಅದರ ಪಕ್ಕಕ್ಕೆ ಒಂದು ಕಣಿವೆಯನ್ನೂ ಎಬ್ಬಿಸಿತು. ಅಷ್ಟನ್ನೂ ಬಿಚ್ಚಿದವನು ನಾನು. ಬಿಚ್ಚುತ್ತಲೇ ಕಂಡದ್ದು: ಮೊದಲು ಸಾಲುಗಳನ್ನು ಜೋಡಿಸುವ ಬದಲು ಪ್ರತಿ ಸಾಲನ್ನೂ ಅಳೆದು, ಗಿಡ್ಡವಾದದ್ದರಲ್ಲಿ ನಾಲ್ಕಾರು ಹೊಲಿಗೆಗಳನ್ನು ಮಾತ್ರ ಸ್ವಲ್ಪ ಅಂಚಿನತ್ತ ಸರಿಸಿದರೆ ಸಾಕು. ಇಡೀ ಸಾಲನ್ನು ಬಿಚ್ಚಬೇಕಿಲ್ಲ. ಈ ಜ್ಞಾನೋದಯ ನನಗಾಗುವಷ್ಟರಲ್ಲಿ ಹೆಂಡತಿ ಮುಂದಿನ ಕೌದಿಯಲ್ಲಿ ಅದೇ ತಪ್ಪನ್ನು ಇನ್ನೂ ಚೆಂದದ ಬಣ್ಣಗಳಲ್ಲಿ ಮಾಡಿ ಮುಗಿಸಿದ್ದಳು.

ಹೊಸ ಬಟ್ಟೆಯ ವಿಷಯದಲ್ಲೂ ಹಾಗೆಯೇ ಆಯಿತು. ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಹೊಸ ಹತ್ತಿ ಬಟ್ಟೆಯನ್ನು ಅಡಿಗೆ ಹಾಸಿ, ಮೇಲೆ ಹಳೆಯ ಸೀರೆಗಳ ತುಂಡು ಜೋಡಿಸಿದಳು. ನೋಡಲು ಬಲು ಚೆಂದ. ಮೊದಲ ಒಗೆತಕ್ಕೆ ಅಡಿಬಟ್ಟೆ ಕುಗ್ಗಿತು. ಇಪ್ಪತ್ತು ವರ್ಷ ಒಗೆಸಿಕೊಂಡು ಕುಗ್ಗುವಷ್ಟೂ ಕುಗ್ಗಿದ್ದ ಸೀರೆ ಅಲುಗಲಿಲ್ಲ. ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿಯುವುದು ಬಡತನಕ್ಕೆ ಎಂದು ನಾವು ತಿಳಿದಿದ್ದೆವು. ಬಡತನವೂ ಹೌದು, ಆದರೆ ಹಳೆಯ ಬಟ್ಟೆ ತನ್ನ ಕುಗ್ಗುವಿಕೆಯನ್ನೂ ಬಣ್ಣ ಬಿಡುವ ಚಟವನ್ನೂ ಮುಗಿಸಿಕೊಂಡು ಬಂದಿರುತ್ತದೆ. ಹೊಸದನ್ನು ಹಾಕಲೇಬೇಕೆಂದಿದ್ದರೆ ಮೊದಲು ನೀರು ಕಾಣಿಸಬೇಕು, ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಹತ್ತುತ್ತದೆಯೇ ನೋಡಬೇಕು. ಕೆಂಪನ್ನಂತೂ ನಂಬಲೇಬಾರದು.

ಸೂಜಿಯದು ಇನ್ನೊಂದು ಪುರಾಣ. ಯಂತ್ರದ ಸೂಜಿಯ ನಂಬರು ಹೆಚ್ಚಾದಷ್ಟೂ ಸೂಜಿ ದಪ್ಪ. 14ಕ್ಕಿಂತ 16 ದಪ್ಪ, 18 ಇನ್ನೂ ದಪ್ಪ. ಕೈಸೂಜಿಯಲ್ಲಿ ಪೂರ್ತಿ ತಿರುಗಾಮುರುಗಾ: ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ. ಇದನ್ನು ಮಾಡಿದವರು ಯಾರೋ, ಅವರ ಮನೆಯಲ್ಲಿ ಕೌದಿ ಹೊಲಿಯುವವರು ಇರಲಿಲ್ಲ. ನಾಲ್ಕು ಪದರದ ಸೀರೆಗೆ ದಪ್ಪ ಸೂಜಿ ತರಲೆಂದು ಹೋಗಿ ದೊಡ್ಡ ನಂಬರು ಕೇಳಿ, ರೇಷ್ಮೆಗೆ ಮಣಿ ಕೂರಿಸುವಂಥ ಕೂದಲೆಳೆಯ ಸೂಜಿ ತಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅಂಗಡಿಯವನಿಗೆ ನಂಬರು ಹೇಳುವ ಬದಲು ಒಂದು ಚೂರು ಬಟ್ಟೆಯನ್ನೂ ದಾರವನ್ನೂ ತೋರಿಸುವುದು ಮೇಲು.

ಮಲೆನಾಡಿಗೆಂದೇ ಮೀಸಲಾದ ತಪ್ಪೊಂದಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ತೀರ್ಥಹಳ್ಳಿ, ಹೊಸನಗರದವರಿಗೂ ಅದರ ಪಾಲು ಸಾಕಷ್ಟು ಸಿಗುತ್ತದೆ. ಆರಿದ್ರೆ ಹಿಡಿದರೆ ಪುಷ್ಯ ಕಳೆಯುವವರೆಗೆ ಉಪ್ಪು ನೀರಾಗುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲೆ ತೂಗಾಡಿ ಹೊಗೆಯ ವಾಸನೆ ಮೈಗೂಡಿಸಿಕೊಳ್ಳುತ್ತದೆ. ಹೊರಗೆ ಹೋಗಲಾಗದ ಈ ದಿನಗಳೇ ಕೌದಿಗೆ ಹದವಾದ ಕಾಲವೆಂದು ಹೊಲಿಯಲು ಕೂರುತ್ತಾರೆ. ಕತ್ತಲಾದ ಕೂಡಲೇ ಕರೆಂಟು ಹೋಗುತ್ತದೆ. ನಾಳೆ ಮುಂದುವರಿಸೋಣವೆಂದು ಸೂಜಿಯನ್ನು ಕೌದಿಗೇ ಚುಚ್ಚಿ ಎದ್ದರೆ, ಆ ನಾಳೆ ಗೌರಿ ಹಬ್ಬಕ್ಕೆ ಬರುತ್ತದೆ. ಅಷ್ಟರಲ್ಲಿ ಸೂಜಿ ಬಟ್ಟೆಯೊಳಗೆ ತುಕ್ಕು ಹಿಡಿದು ತನ್ನ ಉದ್ದವನ್ನು ಕಂದು ಗೆರೆಯಾಗಿ ಬರೆದಿರುತ್ತದೆ. ಎಳೆದರೆ ಅಲ್ಲಿಯೇ ಮುರಿಯುವುದೂ ಉಂಟು. ನಮ್ಮ ಒಂದು ಕೌದಿಯಲ್ಲಿ ಇಂಥ ಗೆರೆ ಬಿದ್ದದ್ದು ಚೊಗರಿನ, ಅಂದರೆ ಅಡಿಕೆ ಬೇಯಿಸಿದ ರಸದ, ಕಲೆಯಿದ್ದ ಪಂಚೆಯ ತುಂಡಿನ ಮೇಲೆ. ಕಂದು ಗೆರೆಯಲ್ಲ, ಕಪ್ಪು ಗೆರೆ, ಶಾಯಿಯಲ್ಲಿ ಬರೆದಷ್ಟು ಗಟ್ಟಿ ಕಪ್ಪು. ಚೊಗರಿಗೆ ಕಬ್ಬಿಣ ಸೇರಿದರೆ ಹಾಗೆ ಕಪ್ಪಾಗುತ್ತದೆ. ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರೆಂದರೆ ಹೋಗದ ಕಲೆ, ಬೈಗುಳಕ್ಕೆ ಕಾರಣ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಅದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಹಾಕುತ್ತಾರೆ. ಅದಕ್ಕೆ ಪಟ್ಟಣದವರು ಹುಡುಕಿಕೊಂಡು ಹೋಗಿ ದುಡ್ಡು ಕೊಡುತ್ತಾರೆ. ನನ್ನಜ್ಜನ ಪಂಚೆಗಳೆಲ್ಲ ಈಗ ಇದ್ದಿದ್ದರೆ ನಾವು ಸಿರಿವಂತರು.

ಕಣ್ಣಿನ ಪರೀಕ್ಷೆಗೆಂದು ದೊಡ್ಡಮ್ಮ ಊರಿನಿಂದ ಶಿವಮೊಗ್ಗಕ್ಕೆ ಬಂದದ್ದು ಈ ಸಂಶೋಧನೆಗಳ ನಡುವೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಬ್ಬಾಗಿ ಕುಳಿತಿದ್ದವಳು ನನ್ನ ಮಡಿಲಿನಲ್ಲಿದ್ದ ಪಟ್ಟಿಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಹೆಬ್ಬೆರಳನ್ನು ಹೊಲಿಗೆಯ ಮೇಲೆ ಓಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. ಅಲ್ಲಿ ಎರಡು ಪದರದ ಬದಲು ಮೂರು ಪದರ ಸಿಕ್ಕಿಬಿದ್ದಿತ್ತು. ನಾನು ಕನ್ನಡಕ ಹಾಕಿಕೊಂಡೂ ನೋಡಿರಲಿಲ್ಲ.

"ಇದನ್ನು ಹೊಲಿದದ್ದು ಯಾರು?"

"ಇವಳು, ದೊಡ್ಡಮ್ಮ."

"ಬಿಚ್ಚುತ್ತಿರುವುದು?"

"ನಾನು."

"ಮೊದಲಿನಿಂದಲೂ?"

ಹೌದೆಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಪಾದ ಎತ್ತಿ ದಾರ ಹಾಕುವ ಸಂಗತಿ, ಹಾಸು ಹೊಕ್ಕಿನ ಸಂಗತಿ, 38 ಮಿಲಿಮೀಟರಿನ ಲೆಕ್ಕ, ಎಲ್ಲವನ್ನೂ ಒಪ್ಪಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಅಲ್ಲ ಮಾರಾಯ, ತಪ್ಪು ಮಾಡುವುದು ಅವಳು, ಕಲಿಯುವುದು ನೀನು. ಇದೆಂಥ ಸಂಸಾರ?" ಎಂದಳು.

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅಷ್ಟು ದಿನ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನಿಜ, ಗುಂಡಿ ಹಾಕಲೂ ಬಾರದ ನನಗೆ ಕೌದಿಯ ತಪ್ಪುಗಳೆಲ್ಲ ಬಾಯಿಪಾಠವಾಗಿದ್ದವು; ಯಾವ ತಪ್ಪು ಎಲ್ಲಿ ಹುಟ್ಟಿ ಎಲ್ಲಿ ತಲೆಯೆತ್ತುತ್ತದೆಂದು ನಿದ್ದೆಗಣ್ಣಿನಲ್ಲಿ ಹೇಳಬಲ್ಲವನಾಗಿದ್ದೆ. ಹೊಲಿಯುವವಳಿಗೆ ತಪ್ಪೆಂದರೆ ಜಗಲಿಗೆ ಎಸೆದರೆ ಸಂಜೆಯೊಳಗೆ ಸರಿಯಾಗಿ ಮರಳಿ ಬರುವ ಬಟ್ಟೆ. ಇಡೀ ದಿನ ಹೊಲಿದದ್ದನ್ನು ತಾನೇ ಕುಳಿತು ಬಿಚ್ಚುವ ಬೇಸರ ಆಕೆಗೆ ಒಮ್ಮೆಯೂ ಬಂದಿರಲಿಲ್ಲ. ಬಿಚ್ಚುವಾಗ ಬೆರಳಿಗೆ ತಾಕುವುದು, ಹೊಲಿಗೆ ಎಲ್ಲಿಂದ ದಾರಿ ತಪ್ಪಿತೆಂದು ಹಿಮ್ಮುಖವಾಗಿ ನಡೆದು ಪತ್ತೆ ಮಾಡುವುದು, ಇವೆಲ್ಲ ನನ್ನ ಪಾಲಿಗೆ ಬಂದಿದ್ದವು. ಉಪಕಾರವೆಂದು ಮಾಡುತ್ತ ಬಂದದ್ದು ಆಕೆಯ ಗುರುವನ್ನು ನಾನು ಅಪಹರಿಸಿದಂತಾಗಿತ್ತು.

ಅಂದಿನಿಂದ ದೊಡ್ಡಮ್ಮನ ಶಾಲೆ ಶುರು. ಆಕೆಯ ಪಂಥದಲ್ಲಿ ಚೌಕವಿಲ್ಲ, ಕಾಲು ಇಂಚಿಲ್ಲ. ಅಡಿಗೆ ಇಡೀ ಸೀರೆ, ಮೇಲೆ ಪದರ, ಅದರ ಮೇಲೆ ತೇಪೆ. ಮೊದಲು ಕಚ್ಚಾ ಹೊಲಿಗೆಯಿಂದ ಪದರಗಳನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸಬೇಕು. ದಾರ ತೋಳುದ್ದಕ್ಕಿಂತ ಹೆಚ್ಚಿಗೆ ಬೇಡ. ಉದ್ದ ದಾರ ಸೂಜಿಗೆ ಮತ್ತೆ ಮತ್ತೆ ಪೋಣಿಸುವ ಶ್ರಮ ಉಳಿಸಿ, ಗಂಟು ಬಿಡಿಸುವುದರಲ್ಲಿ ಅದರ ಎರಡರಷ್ಟನ್ನು ವಸೂಲು ಮಾಡುತ್ತದೆ. ದಾರಕ್ಕೆ ಜೇನುಮೇಣ ಸವರಿಕೊಳ್ಳಬೇಕು. ಅಂಚಿನಿಂದ ಹಿಡಿದು ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರಬೇಕು.

ಇಲ್ಲಿ ಹೆಂಡತಿ ತಕರಾರು ತೆಗೆದಳು. "ವಿಡಿಯೋದಲ್ಲಿ ನಡುವಿನಿಂದ ಹೊರಕ್ಕೆ ಹೊಲಿಯಬೇಕು ಎನ್ನುತ್ತಾರೆ, ಅತ್ತೆ. ಇಲ್ಲದಿದ್ದರೆ ಹೆಚ್ಚಿನ ಬಟ್ಟೆಯೆಲ್ಲ ನಡುವೆ ಬಂದು ಉಬ್ಬುತ್ತದಂತೆ." ಪ್ರಶ್ನೆ ಸರಿಯಾದದ್ದೇ. ನಡುವಿನಿಂದ ಹೊರಟರೆ ಸಡಿಲ ಬಟ್ಟೆ ಅಂಚಿಗೆ ಸರಿದು ಹೊರಬೀಳುತ್ತದೆ, ಕತ್ತರಿಸಿ ಬಿಸಾಡಬಹುದು. ಅಂಚಿನಿಂದ ಬಂದರೆ ಅದಕ್ಕೆ ಓಡಲು ಜಾಗವಿಲ್ಲ. ಆದರೆ ಕೌದಿಯಲ್ಲಿ ತೇಪೆಗಳನ್ನು ಮೊದಲೇ ಜೋಡಿಸಿಟ್ಟಿರುವುದಿಲ್ಲ. ಹೊಲಿಗೆ ಬಂದು ಮುಟ್ಟಿದಾಗ ಆ ಜಾಗಕ್ಕೆ ಹೊಂದುವ ತುಂಡನ್ನು ಇಟ್ಟು, ಅಂಚು ಮಡಚಿ ಹೊಲಿಯುತ್ತ ಹೋಗುತ್ತಾರೆ. ಸಡಿಲವಿದ್ದಲ್ಲಿ ಒಂದು ಮಡಿಕೆ ಒಳಗೆ ಹೋಗುತ್ತದೆ, ಅದರ ಮೇಲೆ ತೇಪೆ ಕೂರುತ್ತದೆ. ತಪ್ಪನ್ನು ಬಿಚ್ಚುವ ಅಗತ್ಯವೇ ಬೀಳದ ಹಾಗೆ ಅದು ಹುಟ್ಟಿದ ಜಾಗದಲ್ಲೇ ಕೆಲಸಕ್ಕೆ ಹಚ್ಚುವ ಪದ್ಧತಿ. ಘಟ್ಟದ ಉತ್ತರಕ್ಕೆ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವುದೂ ಹೀಗೆಯೇ, ಮೂಲೆಯಿಂದ ಹೊರಟು ಅಂಚು ಸುತ್ತಿ ನಡುವಿಗೆ. ಅವರು ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡುಗಳನ್ನು ಕೂರಿಸುತ್ತಾರೆ, ಫುಲಾ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಪಾಲಿಗೆ ಮುಗಿದ ಕೌದಿಯಲ್ಲ. ಅವರ ಕೌದಿಗಳು ಈಗ ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ಗೆರೆ ಎಳೆದಂತೆ ನೇರವಾದ ಹೊಲಿಗೆ ಅವುಗಳಲ್ಲಿ ಕಾಣುವುದು ಅಪರೂಪ, ಕಣ್ಣಿಗೆ ಅದು ಬೇಕೆಂದು ಅನ್ನಿಸುವುದೂ ಇಲ್ಲ.

ಅಮೆರಿಕದ ಕೌದಿಗಳ ಬಗ್ಗೆ ಒಂದು ಕತೆ ಓಡಾಡುತ್ತದೆ. ಅಲ್ಲಿನ ಆಮಿಶ್ ಎಂಬ ಭಕ್ತ ಜನ, ದೋಷವಿಲ್ಲದ ಸೃಷ್ಟಿ ದೇವರೊಬ್ಬನಿಗೇ ಸಾಧ್ಯವೆಂದು ತಮ್ಮ ಕೌದಿಯಲ್ಲಿ ಬೇಕೆಂದೇ ಒಂದು ತಪ್ಪು ಮಾಡುತ್ತಾರಂತೆ. ಅಲ್ಲಿನ ಕೌದಿಯ ಇತಿಹಾಸಕಾರರು ಇದಕ್ಕೆ ಆಧಾರವಿಲ್ಲ, ಕಟ್ಟುಕತೆ ಎನ್ನುತ್ತಾರೆ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಆಕೆಗೆ ಇತಿಹಾಸಕಾರರ ಸಹಾಯ ಬೇಕಾಗಲಿಲ್ಲ. "ಬೇಕೆಂದು ಮಾಡುವಷ್ಟು ಪುರುಸೊತ್ತು ಯಾರಿಗಿದೆ?" ಎಂದಳು.

ಶಾಲೆಯ ನಿಯಮವೆಂದರೆ ಹೊಲಿದವಳೇ ಬಿಚ್ಚಬೇಕು. ಹೆಂಡತಿ ಮೊದಲೆರಡು ದಿನ ನನ್ನತ್ತ ನೋಡಿದಳು. ದೊಡ್ಡಮ್ಮ ಎದುರಿಗೇ ಕುಳಿತಿದ್ದಳು. ಆಮೇಲೆ ಆಕೆಯ ಹೊಲಿಗೆಯ ವೇಗ ಇಳಿಯಿತು. ಸಾಲು ಹಾಕುವ ಮೊದಲು ಪದರದ ಕೆಳಗೆ ಅಂಗೈ ಆಡಿಸಿ ನೋಡುವ ಅಭ್ಯಾಸ ಬಂತು. ಧಾರಾವಾಹಿಯ ಹೊತ್ತಿಗೆ ಸೂಜಿ ಕೆಳಗಿಡತೊಡಗಿದಳು. ಹೊಲಿಗೆ ಬಿಟ್ಟು ಏಳುವಾಗ ಸೂಜಿಯನ್ನು ಎಣ್ಣೆ ಸವರಿದ ಚಿಂದಿಗೆ ಚುಚ್ಚಿಡುವುದನ್ನೂ ಕಲಿತಳು. ಇವುಗಳಲ್ಲಿ ಅರ್ಧದಷ್ಟನ್ನು ನಾನು ಮೊದಲೇ ಹೇಳಿದ್ದೆನೆಂದು ನೆನಪಿಸಿದೆ. ಯಾರೂ ಒಪ್ಪಲಿಲ್ಲ.

ನನಗೂ ಆ ಶಾಲೆಯಲ್ಲಿ ಒಂದು ಪಾಠವಾಯಿತು. ಬಿಚ್ಚಿ ರೂಢಿಯಾದ ಕೈ ಸುಮ್ಮನಿರುವುದಿಲ್ಲ. ದೊಡ್ಡಮ್ಮ ಹೊದೆಯಲೆಂದು ಊರಿನಿಂದ ತಂದಿದ್ದ ಹಳೆಯ ಕೌದಿಯನ್ನು ಬಿಡಿಸಿ ಪರೀಕ್ಷೆ ಮಾಡುತ್ತಿದ್ದೆ. ಸಾಲೆಲ್ಲ ಅಚ್ಚುಕಟ್ಟು; ಆದರೆ ಒಂದು ಕಡೆ ನೀಲಿ ತೇಪೆಗಳ ನಡುವೆ ಸಂಬಂಧವೇ ಇಲ್ಲದ ಅರಿಸಿನ ಬಣ್ಣದ ತುಂಡು, ಅದೂ ವಕ್ರವಾಗಿ, ಸುತ್ತಿನ ಹೊಲಿಗೆಯ ಲಯವನ್ನೇ ಮುರಿದು ಕುಳಿತಿತ್ತು. ಇಷ್ಟು ಚೆನ್ನಾಗಿ ಹೊಲಿಯುವವಳ ಕೈಯಲ್ಲೂ ಇಂಥದ್ದು ಆಗುತ್ತದಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಕೊಕ್ಕೆ ತೆಗೆದುಕೊಂಡು, "ದೊಡ್ಡಮ್ಮ, ಇದೊಂದನ್ನು ಬಿಚ್ಚಿ ಸರಿಯಾಗಿ ಕೂರಿಸಿಕೊಡಲೇ?" ಎಂದು ಕೇಳಿದೆ.

"ಬಿಚ್ಚು, ಬಿಚ್ಚು. ಅದರ ಅಡಿಯಲ್ಲಿ ಇಲಿ ಕಡಿದ ತೂತಿದೆ, ನಿನ್ನ ತಲೆ ತೂರುವಷ್ಟು."

ಕೊಕ್ಕೆಯನ್ನು ಡಬ್ಬಿಗೆ ಹಾಕಿದೆ. ದೊಡ್ಡಮ್ಮ ಊರಿಗೆ ಹೋದಳು, ನನ್ನ ಹುದ್ದೆಯೂ ಹೋಯಿತು. ಹೆಂಡತಿ ಈಗ ಮೊದಲಿನಷ್ಟು ತಪ್ಪುವುದಿಲ್ಲ. ತಪ್ಪಿದ್ದನ್ನು ತಾನೇ ಬಿಚ್ಚಿಕೊಳ್ಳುತ್ತಾಳೆ, ನನಗಿಂತ ಒರಟಾಗಿ, ಅಲ್ಲಲ್ಲಿ ಬಟ್ಟೆ ಹರಿದು. ನೋಡುತ್ತ ಕೂರುವುದು ಕಷ್ಟವೇ. ಆದರೆ ಕಲಿತ ವಿದ್ಯೆ ಬೀದಿಗೆ ಗೊತ್ತಾಗಿದೆ. ಮದುವೆಯ ಕಾಲ ಬಂದರೆ ಕಪಾಟಿನಲ್ಲಿದ್ದ ರೇಷ್ಮೆ ರವಿಕೆಗಳು ಇದ್ದಕ್ಕಿದ್ದಂತೆ ಎಲ್ಲರಿಗೂ ಬಿಗಿಯಾಗುತ್ತವೆ. ದರ್ಜಿಗಳು ದೂರದೃಷ್ಟಿಯುಳ್ಳವರು, ಪಕ್ಕದಲ್ಲಿ ಹೆಚ್ಚಿನ ಬಟ್ಟೆ ಬಿಟ್ಟು, ಒಂದರ ಪಕ್ಕದಲ್ಲೊಂದು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಒಳಗಿನದನ್ನು ಬಿಚ್ಚಿದರೆ ಅರ್ಧ ಇಂಚು ಬಿಡುಗಡೆ. ಹತ್ತಿಯಾದರೆ ಒಗೆದಾಗ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ರೇಷ್ಮೆಯಲ್ಲಿ ಹಾಗೆಯೇ ಉಳಿಯುತ್ತದೆ. ಅದಕ್ಕೇ ಬಿಚ್ಚುವ ಮೊದಲು ಎಷ್ಟು ಬೇಕೆಂದು ಕೇಳಿಕೊಳ್ಳಬೇಕು. ಎದುರುಮನೆಯವರು ಮೊನ್ನೆ ರವಿಕೆ ತಂದುಕೊಟ್ಟಾಗ, "ಒಂದು ಸಾಲು ಬಿಚ್ಚಲೇ, ಎರಡು ಬಿಚ್ಚಲೇ?" ಎಂದು ವಿನಯವಾಗಿಯೇ ವಿಚಾರಿಸಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಒಳಗಿನಿಂದ ಹೆಂಡತಿ ಕೂಗಿ ಹೇಳಿದಳು: "ಎರಡು ಬಿಚ್ಚಿ. ಊಟವಾದ ಮೇಲೂ ಉಸಿರಾಡಬೇಕಲ್ಲ."